ಕಛೇರಿಯ ದೂರವಾಣಿಗೂ ಒಂದು ಹಾಜರಿ ಪುಸ್ತಕ

ಕಳೆದ ವರ್ಷ ಮಳೆಗಾಲ ಹಿಡಿದ ಹೊಸತರಲ್ಲಿ ಒಂದು ಸಂಜೆ ನಮ್ಮ ನೆರೆಮನೆಯ ಅಜ್ಜಿ ಚೀಟಿಯೊಂದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಚೀಟಿಯಲ್ಲಿ ಪೇಟೆಯ ಒಂದು ಖಾಸಗಿ ಆಸ್ಪತ್ರೆಯ ದೂರವಾಣಿ ಸಂಖ್ಯೆ ಬರೆದಿತ್ತು. “ಮಾಷ್ಟ್ರೇ, ಮೂರು ಸಲ ಫೋನು ಮಾಡಿದೆ. ಒಬ್ಬಳು ಮಲಯಾಳದಲ್ಲಿ ಏನೋ ಹೇಳುತ್ತಾಳೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಆಮೇಲೆ ಕಟ್ಟಾಗುತ್ತದೆ. ನಾಳೆ ಕಣ್ಣಿನ ಡಾಕ್ಟ್ರು ಇದ್ದಾರಾ ಇಲ್ಲವಾ ಅಂತ ಕೇಳಬೇಕಿತ್ತು, ಅಷ್ಟೇ” ಎಂದರು. ನಾನು ಕರೆ ಮಾಡಿ ನೋಡಿದೆ. ಮಾತನಾಡಿದ್ದು ಮನುಷ್ಯರಲ್ಲ, ಯಂತ್ರ. ಮಲಯಾಳಕ್ಕೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು ಒತ್ತಿ ಎಂದು ಎರಡು ಸಲ ಹೇಳಿತು. ಏನೂ ಒತ್ತದಿದ್ದಾಗ ಧನ್ಯವಾದ ಹೇಳಿ ಕಡಿದುಕೊಂಡಿತು. ಕನ್ನಡ, ಮಲಯಾಳ ಎರಡರಲ್ಲೂ ಪಾಠ ಕೇಳಿ ಬೆಳೆದ ನನಗೆ ಅದರಿಂದ ತೊಂದರೆಯಾಗಲಿಲ್ಲ. ಆದರೆ ಅಜ್ಜಿ ಹಿಂದಿನ ತಿಂಗಳು ಹೀಗೆಯೇ ಉತ್ತರ ಸಿಗದೆ, ಎರಡು ಬಸ್ಸು ಬದಲಿಸಿ ಹೋಗಿ, ಡಾಕ್ಟರು ರಜೆಯಲ್ಲಿದ್ದಾರೆಂದು ತಿಳಿದು ಬರಿಗೈಯಲ್ಲಿ ಹಿಂತಿರುಗಿದ್ದರಂತೆ.

ಈ ಸಂಗತಿಯನ್ನು ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬನಿಗೆ ತಿಳಿಸಿದೆ. ಆತ ಆಸ್ಪತ್ರೆ, ಲಾಡ್ಜು, ಬ್ಯಾಂಕುಗಳ ದೂರವಾಣಿ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಆ ಆಸ್ಪತ್ರೆಯೂ ಅವನ ಪಾಲಿಗೇ ಸೇರಿದ್ದು. ಆತ ನಕ್ಕು, “ಸರ್, ಹಳೆಯ ಪೆಟ್ಟಿಗೆಯಾಗಿದ್ದರೆ ಕಂಪೆನಿಯವರನ್ನು ಕರೆಸಿ ಹೊಸ ಕಾರ್ಡು ಹಾಕಿಸಬೇಕಿತ್ತು. ಈಗ ಇರುವುದು ಇಂಟರ್‌ನೆಟ್ಟಿನ ಎಕ್ಸ್‌ಚೇಂಜು. ಕನ್ನಡದಲ್ಲಿ ಹೇಳಿ ಕೊಡುವವರು ಸಿಕ್ಕಿದರೆ ಅರ್ಧ ದಿನದ ಕೆಲಸ. ಅವರಿಗೆ ಯಾರೂ ಕೇಳಲಿಲ್ಲ, ಅವರು ಹಾಕಿಸಲಿಲ್ಲ” ಎಂದ. ಹಾಗೆ ನಾನು ಆ ಆಸ್ಪತ್ರೆಯ ದೂರವಾಣಿ ಕೋಣೆಯನ್ನು ನೋಡುವಂತಾಯಿತು. ಅಲ್ಲಿ ಕಂಡದ್ದನ್ನೂ ಆತನಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಕನ್ನಡ ಕಲಿಸುವವನು. ಲೆಕ್ಕಗಳನ್ನು ನಮ್ಮ ಭೌತಶಾಸ್ತ್ರದ ಅಧ್ಯಾಪಕರು ತಿದ್ದಿ ಕೊಟ್ಟಿದ್ದಾರೆ.

ಮೊದಲಿಗೆ, ಒಂದು ಕಟ್ಟಡಕ್ಕೆ ತನ್ನದೇ ಆದ ದೂರವಾಣಿ ವಿನಿಮಯ ಕೇಂದ್ರ ಯಾಕೆ ಬೇಕು ಎಂಬುದನ್ನು ನೋಡೋಣ. ಎರಡು ದೂರವಾಣಿಗಳಿದ್ದರೆ ನಡುವೆ ಒಂದು ತಂತಿ ಸಾಕು. ಹತ್ತು ಇದ್ದು ಪ್ರತಿಯೊಂದಕ್ಕೂ ಪ್ರತಿಯೊಂದರ ಜತೆ ನೇರ ತಂತಿ ಎಳೆಯಬೇಕಾದರೆ 45 ತಂತಿಗಳು ಬೇಕು. ನೂರು ಇದ್ದರೆ 4,950. ಎಲ್ಲರ ತಂತಿಯನ್ನೂ ಒಂದೇ ಕಡೆಗೆ ತಂದು, ಅಲ್ಲಿ ಬೇಕಾದವರನ್ನು ಬೇಕಾದವರಿಗೆ ಜೋಡಿಸಿದರೆ ನೂರು ತಂತಿಗಳಲ್ಲೇ ಕೆಲಸ ಆಗುತ್ತದೆ. ಅದೇ ವಿನಿಮಯ ಕೇಂದ್ರ. ಬೆಲ್ ದೂರವಾಣಿಗೆ ಪೇಟೆಂಟು ಪಡೆದದ್ದು 1876ರಲ್ಲಿ. ಆರೇ ವರ್ಷಗಳಲ್ಲಿ, 1882ರ ಜನವರಿಯಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಇಂತಹ ಕೇಂದ್ರಗಳು ತೆರೆದವು.

ಇನ್ನು ಅರುವತ್ತು ಕೋಣೆಗಳ ಒಂದು ಆಸ್ಪತ್ರೆಯನ್ನು ಊಹಿಸಿ. ಪ್ರತಿ ಕೋಣೆಗೂ ಇಲಾಖೆಯಿಂದ ಬೇರೆ ಬೇರೆ ಸಂಪರ್ಕ ಪಡೆದರೆ ಅರುವತ್ತು ಬಾಡಿಗೆ ಕಟ್ಟಬೇಕು. ಅಷ್ಟೇ ಅಲ್ಲ, ಮೇಲಿನ ಮಾಳಿಗೆಯ ದಾದಿ ಕೆಳಗಿನ ಔಷಧದ ಕೋಣೆಗೆ ಒಂದು ಮಾತು ಹೇಳಬೇಕಾದರೂ ಆ ಮಾತು ಪೇಟೆಯ ವಿನಿಮಯ ಕೇಂದ್ರಕ್ಕೆ ಹೋಗಿ ಅದೇ ಕಟ್ಟಡಕ್ಕೆ ಮರಳಬೇಕು. ಅರುವತ್ತು ಮಂದಿಯೂ ಒಂದೇ ಹೊತ್ತಿಗೆ ಹೊರಗಿನವರೊಡನೆ ಮಾತನಾಡುವುದಿಲ್ಲ. ಆರೋ ಎಂಟೋ ಹೊರಗಿನ ತಂತಿಗಳು ಧಾರಾಳ ಸಾಕು. ಆದ್ದರಿಂದ ಕಟ್ಟಡದೊಳಗೇ ಒಂದು ಚಿಕ್ಕ ಕೇಂದ್ರವನ್ನಿಟ್ಟು, ಒಳಗಿನವರಿಗೆ ಮೂರಂಕಿಯ ಸಂಖ್ಯೆಗಳನ್ನು ಹಂಚಿ, ಹೊರಗೆ ಹೋಗಬೇಕಾದವರು ಮೊದಲು ಸೊನ್ನೆಯನ್ನೋ ಒಂಬತ್ತನ್ನೋ ಒತ್ತಬೇಕು ಎಂಬ ಏರ್ಪಾಟು ಮಾಡಿದರು.

ಆರಂಭದಲ್ಲಿ ಈ ಜೋಡಿಸುವ ಕೆಲಸಕ್ಕೆ ಮನುಷ್ಯರೇ ಇದ್ದರು. ಆಪರೇಟರು ಹಲಗೆಯ ಮುಂದೆ ಕುಳಿತು, ಯಾರು ಬೇಕೆಂದು ಕೇಳಿ, ತುದಿಯಲ್ಲಿ ಪಿನ್ನಿರುವ ಹಗ್ಗದಂತಹ ತಂತಿಯನ್ನು ಸರಿಯಾದ ತೂತಿಗೆ ಸಿಕ್ಕಿಸುತ್ತಿದ್ದರು. ಇದನ್ನು ಯಂತ್ರದ ಕೈಗೆ ಕೊಟ್ಟವನು ವಿಜ್ಞಾನಿಯಲ್ಲ, ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಟು ಮಾಡಿಕೊಡುವ ವ್ಯಾಪಾರವಿದ್ದ ಆಲ್ಮನ್ ಸ್ಟ್ರೋಜರ್. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂಬ ಸಂಶಯದಿಂದ ಆತ ಸ್ವಯಂಚಾಲಿತ ಕೇಂದ್ರವನ್ನು ಕಲ್ಪಿಸಿದನೆಂಬ ಕಥೆಯಿದೆ. ಕಥೆ ಹೇಗೇ ಇರಲಿ, 1891ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿದ್ದೂ 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟಿನಲ್ಲಿ ಅಂತಹ ಮೊದಲ ಕೇಂದ್ರ ಕೆಲಸ ಆರಂಭಿಸಿದ್ದೂ ನಿಜ. ಕರೆಯನ್ನು ಯಾರಿಗೆ ಜೋಡಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅಂದಿನಿಂದಲೂ ಇದೆಯೆಂಬುದನ್ನು ನೆನಪಿಡಿ. ಅಜ್ಜಿಯ ಪ್ರಶ್ನೆಯೂ ಅದೇ.

ನಮ್ಮ ದೇಶದ ಕಥೆಯಲ್ಲಿ ಕನ್ನಡನಾಡಿಗೂ ಪಾಲಿದೆ. ದೂರವಾಣಿ ಉಪಕರಣಗಳನ್ನು ತಯಾರಿಸಲು ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾದದ್ದು 1948ರಲ್ಲಿ. ಅದರ ಸುತ್ತಣ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ತಂತಿಗಳ ಪುಟ್ಟ ಎಲೆಕ್ಟ್ರಾನಿಕ್ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದೆ, ಧೂಳು ಸೆಕೆಗಳ ನಡುವೆ ನಡೆಯಬಲ್ಲ ಆ ಪೆಟ್ಟಿಗೆಯನ್ನು ಮೊದಲು ಹಾಕಿ ನೋಡಿದ್ದು 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಕಛೇರಿಗಳಿಗಾಗಿ 128 ತಂತಿಗಳ ಖಾಸಗಿ ಕೇಂದ್ರವನ್ನೂ ಅದೇ ಸಂಸ್ಥೆ ರೂಪಿಸಿತ್ತು. ಆಮೇಲೆ ಬಂದ ಇಂತಹ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನೇ ಇ.ಪಿ.ಎ.ಬಿ.ಎಕ್ಸ್. ಎಂದು ಕರೆಯುತ್ತಿದ್ದುದು, ಜನರ ಬಾಯಲ್ಲಿ ಬರೇ ಇಂಟರ್‌ಕಾಂ.

ನಾನು ನೋಡಲು ಹೋದ ಆಸ್ಪತ್ರೆಯಲ್ಲೂ ಅಂತಹ ಒಂದು ಹಳೆಯ ಪೆಟ್ಟಿಗೆ ಮೆಟ್ಟಿಲ ಕೆಳಗೆ ಇನ್ನೂ ಇದೆ. ಅದರಿಂದ ಹೊರಟ ನೂರಾರು ತಾಮ್ರದ ತಂತಿಗಳು ಬೇರುಬಿಳಲಿನಂತೆ ಗೋಡೆಯೊಳಗೆ ಹೋಗಿವೆ. ಆ ವ್ಯವಸ್ಥೆಯಲ್ಲಿ 204 ಎಂದರೆ ಒಬ್ಬ ಡಾಕ್ಟರಲ್ಲ, ಒಂದು ಜೋಡಿ ತಂತಿ. ಡಾಕ್ಟರು ಒಂದನೆಯ ಮಾಳಿಗೆಯಿಂದ ಎರಡನೆಯದಕ್ಕೆ ಹೋದರೆ ಸಂಖ್ಯೆ ಹಿಂದೆಯೇ ಉಳಿಯುತ್ತಿತ್ತು. ತಂತಿಯವನು ಬಂದು ಬಿಚ್ಚಿ ಕಟ್ಟುವವರೆಗೆ ಅವರ ಕರೆಗಳೆಲ್ಲ ಖಾಲಿ ಕೋಣೆಯಲ್ಲಿ ರಿಂಗಣಿಸುತ್ತಿದ್ದವು.

ಹೊಸ ವ್ಯವಸ್ಥೆಯಲ್ಲಿ ಬದಲಾದದ್ದು ಮುಖ್ಯವಾಗಿ ಇದೇ. ಈಗ 204 ಎಂಬುದು ತಂತಿಯಲ್ಲ, ಒಂದು ಪುಸ್ತಕದಲ್ಲಿರುವ ಹೆಸರು. ಕೋಣೆಯಲ್ಲಿರುವ ದೂರವಾಣಿ ನೋಡಲು ಹಳೆಯದರಂತೆಯೇ ಇದ್ದರೂ ಒಳಗೆ ಅದೊಂದು ಪುಟ್ಟ ಗಣಕಯಂತ್ರ. ಗಣಕಯಂತ್ರಗಳಿಗೆ ಹೋಗುವ ಕೇಬಲ್ಲನ್ನೇ ಅದಕ್ಕೂ ಸಿಕ್ಕಿಸುತ್ತಾರೆ. ವಿದ್ಯುತ್ತು ಬಂದೊಡನೆ ಅದು ಮಾಡುವ ಮೊದಲ ಕೆಲಸವೇನು ಗೊತ್ತೇ? ಮುಖ್ಯ ಗಣಕಕ್ಕೆ ಒಂದು ಸಂದೇಶ ಕಳುಹಿಸಿ, ‘ನಾನು 204, ಈಗ ಈ ವಿಳಾಸದಲ್ಲಿದ್ದೇನೆ, ಇದು ನನ್ನ ಗುಪ್ತಪದದ ಪುರಾವೆ’ ಎಂದು ತಿಳಿಸುತ್ತದೆ. ಮುಖ್ಯ ಗಣಕ ಅದನ್ನು ಬರೆದುಕೊಳ್ಳುತ್ತದೆ. ನಾವು ಬೆಳಗ್ಗೆ ಹಾಜರಿ ತೆಗೆಯುವಂತೆಯೇ. ಆದರೆ ನಾವು ದಿನಕ್ಕೆ ಎರಡು ಸಲ ತೆಗೆದರೆ ಅಲ್ಲಿ ಕೆಲವು ನಿಮಿಷಗಳಿಗೋ ಗಂಟೆಗೋ ಒಮ್ಮೆ ಮತ್ತೆ ‘ಹಾಜರ್’ ಹೇಳಬೇಕು. ಹೇಳದಿದ್ದರೆ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ.

ದಾದಿ 204ನ್ನು ಒತ್ತಿದಾಗ ಆಕೆಯ ದೂರವಾಣಿ ಮುಖ್ಯ ಗಣಕಕ್ಕೆ ‘ಆಮಂತ್ರಣ’ ಎಂಬ ಸಂದೇಶ ಕಳುಹಿಸುತ್ತದೆ. ಗಣಕ ಹಾಜರಿ ಪುಸ್ತಕ ತೆರೆದು 204 ಈಗ ಎಲ್ಲಿದೆಯೆಂದು ನೋಡಿ ಆಮಂತ್ರಣವನ್ನು ಅಲ್ಲಿಗೆ ದಾಟಿಸುತ್ತದೆ. ಅತ್ತಲಿಂದ ಮೊದಲು ‘180’ ಎಂಬ ಉತ್ತರ ಬರುತ್ತದೆ. ಗಂಟೆ ಬಾರಿಸುತ್ತಿದೆ ಎಂದರ್ಥ. ಎತ್ತಿಕೊಂಡರೆ ‘200’, ಆಗಬಹುದು ಎಂದು. ಬೇರೆ ಮಾತಿನಲ್ಲಿದ್ದರೆ ‘486’. ಅಂತಹ ಸಂಖ್ಯೆಯೇ ಇಲ್ಲದಿದ್ದರೆ ‘404’. ಅಂತರ್ಜಾಲದಲ್ಲಿ ಇಲ್ಲದ ಪುಟ ಹುಡುಕಿದಾಗ ನೀವು ಕಂಡಿರುವ 404ರ ತಮ್ಮನೇ ಇದು. ಮಾತು ಮುಗಿದಾಗ ‘ಬೈ’ ಎಂಬ ಸಂದೇಶ. ನಮ್ಮ ಹಳೆ ವಿದ್ಯಾರ್ಥಿ ಈ ಸಂದೇಶಗಳನ್ನು ಪರದೆಯ ಮೇಲೆ ಓಡಿಸಿ ತೋರಿಸಿದ. ಎಲ್ಲವೂ ಓದಲು ಬರುವ ಇಂಗ್ಲಿಷ್ ಅಕ್ಷರಗಳಲ್ಲೇ ಇವೆ, ಬಂದೋಬಸ್ತಾಗಿ ಬರೆದ ಪತ್ರಗಳಂತೆ: ಇವರಿಂದ, ಇವರಿಗೆ, ವಿಷಯ. ಪತ್ರಲೇಖನ ಕಲಿಸುವ ನನಗೆ ಇದು ತುಂಬ ಹಿಡಿಸಿತು. ಈ ಪತ್ರವ್ಯವಹಾರದ ನಿಯಮಗಳಿಗೆ ಎಸ್.ಐ.ಪಿ. ಅಥವಾ ಸಿಪ್ ಎಂದು ಹೆಸರು. 1999ರಲ್ಲಿ ಮೊದಲು ಪ್ರಕಟವಾಗಿ 2002ರಲ್ಲಿ ಪರಿಷ್ಕಾರಗೊಂಡ ಈ ನಿಯಮಗಳು ಯಾವುದೇ ಒಂದು ಕಂಪೆನಿಯ ಸೊತ್ತಲ್ಲ. ಆದ್ದರಿಂದಲೇ ಒಬ್ಬರು ತಯಾರಿಸಿದ ದೂರವಾಣಿ ಇನ್ನೊಬ್ಬರು ತಯಾರಿಸಿದ ಕೇಂದ್ರದೊಡನೆ ಮಾತನಾಡಬಲ್ಲದು. ಹಿಂದೆ ಪೆಟ್ಟಿಗೆ ಯಾವ ಕಂಪೆನಿಯದೋ ದೂರವಾಣಿಯೂ ಹೆಚ್ಚಾಗಿ ಅದೇ ಕಂಪೆನಿಯದಾಗಬೇಕಿತ್ತು.

ಹಾಜರಿ ಪುಸ್ತಕದಲ್ಲಿ ಬರೆಯುವುದು ಅಂತರ್ಜಾಲದ ವಿಳಾಸವನ್ನಾದ್ದರಿಂದ ದೂರವಾಣಿ ಎಲ್ಲಿದ್ದರೂ ನಡೆಯುತ್ತದೆ. ಈ ಆಸ್ಪತ್ರೆಯ ಒಬ್ಬ ಡಾಕ್ಟರು ವಾರದಲ್ಲಿ ಮೂರು ದಿನ ಮಂಗಳೂರಿನಲ್ಲಿರುತ್ತಾರೆ. ಅವರ ಮೊಬೈಲಿನಲ್ಲೇ ಒಂದು ಆ್ಯಪ್ ಹಾಕಿ ಅದಕ್ಕೆ 204 ಎಂದು ಹೆಸರು ಕೊಟ್ಟಿದ್ದಾರೆ. ಇಲ್ಲಿ ದಾದಿ 204 ಒತ್ತಿದರೆ ತಲಪಾಡಿಯ ಆಚೆ ಅವರ ಕಿಸೆಯಲ್ಲಿ ಗಂಟೆ ಬಾರಿಸುತ್ತದೆ. ರೋಮಿಂಗ್ ಶುಲ್ಕವಿದ್ದ ಕಾಲದಲ್ಲಿ ಮಂಜೇಶ್ವರದ ಕಡೆಯವರು ಮನೆಯ ಜಗಲಿಯಲ್ಲಿ ಕುಳಿತಿದ್ದಾಗಲೇ ಮೊಬೈಲು ಕರ್ನಾಟಕದ ಗೋಪುರವನ್ನು ಹಿಡಿದು ಹಣ ಕಳೆದುಕೊಳ್ಳುತ್ತಿದ್ದುದು ನಿಮ್ಮ ತಂದೆತಾಯಿಗಳಿಗೆ ನೆನಪಿರಬಹುದು. ಹಾಜರಿ ಪುಸ್ತಕಕ್ಕೆ ಅಂತಹ ಗಡಿ ಗೊತ್ತಿಲ್ಲ.

ಇನ್ನು ಧ್ವನಿಯ ವಿಷಯ. ಹಳೆಯ ದೂರವಾಣಿಯಲ್ಲಿ ಮಾತು ಆರಂಭವಾದಾಗಿನಿಂದ ಮುಗಿಯುವವರೆಗೆ ಇಡೀ ದಾರಿ ನಿಮ್ಮ ಇಬ್ಬರಿಗೇ ಮೀಸಲು. ಇಬ್ಬರೂ ಸುಮ್ಮನಿದ್ದರೂ ದಾರಿ ತಡೆದೇ ಇರುತ್ತದೆ. ಅಂತರ್ಜಾಲದಲ್ಲಿ ಹಾಗಿಲ್ಲ. ಅಲ್ಲಿ ಎಲ್ಲವೂ ಅಂಚೆಯ ಲಕೋಟೆಗಳಂತೆ ತುಂಡು ತುಂಡಾಗಿ ಹೋಗಬೇಕು. ದೂರವಾಣಿ ನಿಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಯೂ 256 ಮಟ್ಟಗಳಲ್ಲಿ ಒಂದಾಗಿ ಒಂದು ಬೈಟಿನಲ್ಲಿ, ಅಂದರೆ 8 ಬಿಟ್‌ಗಳಲ್ಲಿ ಕುಳಿತುಕೊಳ್ಳುತ್ತದೆ. ಹೀಗೆ ಸೆಕೆಂಡಿಗೆ 64,000 ಬಿಟ್‌ಗಳು. 1972ರ ಜಿ.711 ಎಂಬ ಅಂತರರಾಷ್ಟ್ರೀಯ ಕ್ರಮ ಇದೇ, ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಧ್ವನಿಯನ್ನು, ಎಂದರೆ 160 ಅಳತೆಗಳನ್ನು, ಒಂದು ಲಕೋಟೆಗೆ ತುಂಬುತ್ತಾರೆ. ‘ಅಮ್ಮ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಹತ್ತಿಪ್ಪತ್ತು ಲಕೋಟೆಗಳು ಹೊರಟುಹೋಗಿರುತ್ತವೆ. ಪ್ರತಿ ಲಕೋಟೆಯ ಮೇಲೂ ವಿಳಾಸ, ಕ್ರಮಸಂಖ್ಯೆ, ಹೊತ್ತು ಇವುಗಳಿಗಾಗಿ ಇನ್ನೂ 40 ಬೈಟ್‌ಗಳು. ಸೆಕೆಂಡಿಗೆ 50 ಲಕೋಟೆಗಳಂತೆ ಲೆಕ್ಕ ಹಾಕಿದರೆ ಒಂದು ಮಾತಿಗೆ ಒಂದು ದಿಕ್ಕಿನಲ್ಲಿ 80,000 ಬಿಟ್‌ಗಳಾಗುತ್ತವೆ. ಸರಕಿಗಿಂತ ಚೀಲದ ಭಾರವೇ ಹೆಚ್ಚೆನ್ನುವಂತಿಲ್ಲವಾದರೂ ಚೀಲವೂ ಹಗುರವಲ್ಲ.

ಈ ಲಕೋಟೆಗಳು ಹೊರಟ ಕ್ರಮದಲ್ಲೇ ಬಂದು ಮುಟ್ಟುತ್ತವೆಂಬ ಭರವಸೆಯಿಲ್ಲ. ನಮ್ಮ ಶಾಲೆಗೆ ಬೇರೆ ಬೇರೆ ಬಸ್ಸುಗಳಲ್ಲಿ ಬರುವ ಮಕ್ಕಳನ್ನು ನೆನೆದುಕೊಳ್ಳಿ. ಎಲ್ಲರೂ ಒಂದೇ ಹೊತ್ತಿಗೆ ಮನೆ ಬಿಟ್ಟರೂ ಪೆರ್ಲದ ಬಸ್ಸು ಮುಂಚೆ ಬರಬಹುದು, ಬದಿಯಡ್ಕದ್ದು ತಡವಾಗಬಹುದು. ಆದ್ದರಿಂದ ಪ್ರಾರ್ಥನೆಯ ಬೆಲ್ಲನ್ನು ಐದು ನಿಮಿಷ ತಡೆದು, ಬಂದವರನ್ನೆಲ್ಲ ಎತ್ತರದ ಕ್ರಮದಲ್ಲಿ ಸಾಲು ನಿಲ್ಲಿಸಿ, ಆಮೇಲೆ ಆರಂಭಿಸುತ್ತೇವೆ. ಕೇಳುವ ಕಡೆಯ ದೂರವಾಣಿಯೂ ಹಾಗೆಯೇ ಬಂದ ಲಕೋಟೆಗಳನ್ನು ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು ತಡೆದು, ಕ್ರಮಸಂಖ್ಯೆಯಂತೆ ಜೋಡಿಸಿ, ಧ್ವನಿಯಾಗಿ ಬಿಡುತ್ತದೆ. ಅಷ್ಟರೊಳಗೆ ಬಾರದ ಲಕೋಟೆಯನ್ನು ಕೈಬಿಡುತ್ತದೆ. ಮತ್ತೆ ಕಳುಹಿಸು ಎಂದು ಕೇಳುವುದೇ ಇಲ್ಲ. ಚಿತ್ರವನ್ನೋ ಪತ್ರವನ್ನೋ ಕಳುಹಿಸುವಾಗ ಒಂದಕ್ಷರ ತಪ್ಪಿದರೂ ಮತ್ತೆ ತರಿಸಿಕೊಳ್ಳುವ ಅಂತರ್ಜಾಲ ಮಾತಿನಲ್ಲಿ ಮಾತ್ರ ಉದಾಸೀನ ತೋರುವುದೇಕೆ? ಹಳಸಿದ ಮಾತು ಬಂದು ಪ್ರಯೋಜನವಿಲ್ಲ. 20 ಮಿಲಿಸೆಕೆಂಡಿನ ಒಂದು ತುಂಡು ಹೋದರೆ ಕಿವಿಗೆ ಗೊತ್ತಾಗುವುದೇ ಅಪರೂಪ. ಆದರೆ ಮಾತು ಬಾಯಿಂದ ಕಿವಿಗೆ ಮುಟ್ಟಲು 150 ಮಿಲಿಸೆಕೆಂಡನ್ನು ಬಹಳ ಮೀರಿದರೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬೀಳತೊಡಗುತ್ತಾರೆ. ಅದಕ್ಕಾಗಿಯೇ ಚೆನ್ನಾಗಿ ಏರ್ಪಾಟು ಮಾಡಿದ ಕಛೇರಿಗಳಲ್ಲಿ ಧ್ವನಿಯ ಲಕೋಟೆಗಳಿಗೆ ಆಂಬುಲೆನ್ಸಿಗೆ ದಾರಿ ಬಿಡುವಂತೆ ಮೊದಲ ದಾರಿ ಬಿಡುತ್ತಾರೆ. ಹಾಗೆ ಮಾಡದ ಕಛೇರಿಯಲ್ಲಿ ಯಾರಾದರೂ ಸಿನಿಮಾ ಇಳಿಸಿಕೊಳ್ಳತೊಡಗಿದರೆ ಮಾತು ತೊದಲುತ್ತದೆ.

ಇಲ್ಲಿ ಕನ್ನಡ ಅಧ್ಯಾಪಕನಾಗಿ ನನ್ನದೊಂದು ದೂರು ಇದೆ. ಸೆಕೆಂಡಿಗೆ 8,000 ಸಲ ಅಳೆದರೆ 4,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳು ಉಳಿಯುವುದಿಲ್ಲ. ದೂರವಾಣಿಯಲ್ಲಿ ವಾಸ್ತವವಾಗಿ ದಾಟುವುದು 300ರಿಂದ 3,400ರವರೆಗೆ ಮಾತ್ರ. ‘ಸ’ಕಾರದ ಶಕ್ತಿಯ ದೊಡ್ಡ ಭಾಗ ಇರುವುದು ಅದರ ಮೇಲೆಯೇ. ತರಗತಿಯಲ್ಲಿ ಶ, ಷ, ಸಗಳನ್ನು ಬಿಡಿಸಿ ಹೇಳಿಸಲು ನಾನು ಪಡುವ ಶ್ರಮವೆಲ್ಲ ದೂರವಾಣಿಯ ಒಂದೇ ಜರಡಿಯಲ್ಲಿ ಸೋಸಿ ಹೋಗುತ್ತದೆ! ಈಗ ಜಿ.722 ಎಂಬ ಇನ್ನೊಂದು ಕ್ರಮವೂ ಇದೆ; 1988ರದು. ಅದು ಸೆಕೆಂಡಿಗೆ 16,000 ಸಲ ಅಳೆದು 7,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಅದೇ 64,000 ಬಿಟ್‌ಗಳಲ್ಲಿ ಕಳುಹಿಸುತ್ತದೆ. ಆಸ್ಪತ್ರೆಯೊಳಗಿನ ಕೋಣೆಯಿಂದ ಕೋಣೆಗೆ ಅದರಲ್ಲಿ ಮಾತನಾಡಿ ನೋಡಿದೆ. ಎದುರಿನವರು ಪಕ್ಕದಲ್ಲೇ ಕುಳಿತಂತೆ ಕೇಳಿತು.

ಈ ಎಲ್ಲವನ್ನೂ ನಡೆಸುವ ಮುಖ್ಯ ಗಣಕವನ್ನು ನೋಡಿ ನನಗೆ ಸ್ವಲ್ಪ ನಿರಾಶೆಯೇ ಆಯಿತು. ನಮ್ಮ ಶಾಲೆಯ ಗಣಕ ಕೋಣೆಯಲ್ಲಿರುವಂತಹುದೇ ಒಂದು ಪೆಟ್ಟಿಗೆ. ಅದರೊಳಗೆ ನಡೆಯುವ ಕಾರ್ಯಕ್ರಮದ ಹೆಸರು ಆಸ್ಟೆರಿಸ್ಕ್, ಎಂದರೆ ನಕ್ಷತ್ರ ಚಿಹ್ನೆ. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1999ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಕಾಲೇಜು ವಿದ್ಯಾರ್ಥಿ ಗಣಕಗಳ ತೊಂದರೆಗಳನ್ನು ಪರಿಹರಿಸಿಕೊಡುವ ಚಿಕ್ಕ ಕಂಪೆನಿಯೊಂದನ್ನು ತೆರೆದಿದ್ದ. ಗಿರಾಕಿಗಳ ಕರೆಗಳನ್ನು ನೌಕರರಿಗೆ ಹಂಚಲು ಒಂದು ದೂರವಾಣಿ ಕೇಂದ್ರ ಬೇಕಿತ್ತು. ಅದರ ಬೆಲೆ ಕೊಡುವ ಶಕ್ತಿ ಅವನಿಗಿರಲಿಲ್ಲ. ಆಗಿದ್ದರೆ ನಾನೇ ಬರೆಯುತ್ತೇನೆಂದು ಗಣಕದ ಮೇಲೆಯೇ ಕೇಂದ್ರವನ್ನು ಬರೆದ. ಬರೆದದ್ದನ್ನು ಮುಚ್ಚಿಡದೆ ಯಾರು ಬೇಕಾದರೂ ಓದಿ ತಿದ್ದುವಂತೆ ಬಿಟ್ಟ. ದೊಡ್ಡ ಕಂಪೆನಿಗಳ ಪೆಟ್ಟಿಗೆ ಕೊಳ್ಳಲಾಗದ ಅಸಂಖ್ಯ ಚಿಕ್ಕ ಸಂಸ್ಥೆಗಳಿಗೆ ಅದರಿಂದ ದಾರಿಯಾಯಿತು. ಈಗ ಆ ಗಣಕವನ್ನು ಕಟ್ಟಡದಲ್ಲಿ ಇಟ್ಟುಕೊಳ್ಳಬೇಕೆಂದೂ ಇಲ್ಲ. ಎಲ್ಲೋ ದೂರದ ಗಣಕ ಭಂಡಾರದಲ್ಲಿ ಒಂದು ಮೂಲೆಯನ್ನು ತಿಂಗಳ ಬಾಡಿಗೆಗೆ ಹಿಡಿದು ಅಲ್ಲೇ ಹಾಜರಿ ಪುಸ್ತಕ ಇರಿಸುವವರೂ ಇದ್ದಾರೆ.

ಗಣಕಕ್ಕೆ ಕೊಡುವ ಆಜ್ಞೆಗಳು ಒಂದು ಪಟ್ಟಿಯ ರೂಪದಲ್ಲಿರುತ್ತವೆ. ಅವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: 204ಕ್ಕೆ ಕರೆ ಬಂದರೆ 20 ಸೆಕೆಂಡು ಗಂಟೆ ಬಾರಿಸು, ಎತ್ತದಿದ್ದರೆ 210ಕ್ಕೆ ಕಳುಹಿಸು, ಅಲ್ಲಿಯೂ ಎತ್ತದಿದ್ದರೆ ಸಂದೇಶ ಮುದ್ರಿಸಿಕೋ. ಹೊರಗಿನ ಕರೆ ಬಂದರೆ ಮೊದಲು ಸ್ವಾಗತದ ಧ್ವನಿ ಕೇಳಿಸು. ಒಂದನ್ನು ಒತ್ತಿದರೆ ಹೀಗೆ, ಎರಡನ್ನು ಒತ್ತಿದರೆ ಹಾಗೆ. ಒತ್ತಿದ ಅಂಕೆ ಗಣಕಕ್ಕೆ ತಿಳಿಯುವುದೂ ಧ್ವನಿಯಿಂದಲೇ. 1963ರಲ್ಲಿ ಬಂದ ಕ್ರಮದಂತೆ ಪ್ರತಿ ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ: ಒಂದನ್ನು ಒತ್ತಿದರೆ 697 ಮತ್ತು 1,209 ಹರ್ಟ್ಸ್, ಎರಡನ್ನು ಒತ್ತಿದರೆ 697 ಮತ್ತು 1,336. ಅಡ್ಡಸಾಲಿಗೊಂದು ಸ್ವರ, ಕಂಬಸಾಲಿಗೊಂದು ಸ್ವರ. ಪ್ರಯೋಗಶಾಲೆಯ ಶ್ರುತಿಕವೆಯಿಂದ 512 ಹರ್ಟ್ಸ್ ಕೇಳಿರುವ ನಿಮಗೆ ಇವು ಎಷ್ಟು ಎತ್ತರದ ಸ್ವರಗಳೆಂದು ಊಹಿಸಬಹುದು.

ಹೊರಗಿನ ಜಗತ್ತಿನೊಡನೆ ಸಂಪರ್ಕಕ್ಕೆ ಪರವಾನಗಿ ಪಡೆದ ದೂರವಾಣಿ ಕಂಪೆನಿಯ ಸಹಾಯ ಬೇಕೇ ಬೇಕು. ಈಗ ಹೆಚ್ಚಾಗಿ ಕಂಪೆನಿಯಿಂದ ಬರುವ ಒಂದೇ ಗಾಜಿನೆಳೆಯಲ್ಲಿ ಎಷ್ಟೋ ಕರೆಗಳು ಸಿಪ್ ಪತ್ರಗಳಾಗಿ ಬರುತ್ತವೆ. ಸರಕಾರ ಈ ವಿಷಯದಲ್ಲಿ ನಿಧಾನವಾಗಿ ಬಾಗಿಲು ತೆರೆಯಿತು. 2002ರ ಏಪ್ರಿಲಿನಲ್ಲಿ ಅಂತರ್ಜಾಲ ದೂರವಾಣಿಗೆ ಸೀಮಿತ ಅನುಮತಿ ಸಿಕ್ಕಿತು; ಗಣಕದಿಂದ ವಿದೇಶದ ದೂರವಾಣಿಗೆ ಮಾತನಾಡಬಹುದಾಗಿತ್ತು, ದೇಶದೊಳಗಿನ ಸಾಮಾನ್ಯ ದೂರವಾಣಿಗೆ ಆಗುತ್ತಿರಲಿಲ್ಲ. ಪರವಾನಗಿ ಪಡೆದ ಕಂಪೆನಿಗಳ ಮಟ್ಟಿಗೆ ಆ ತಡೆ 2018ರಲ್ಲಿ ಸಡಿಲವಾಯಿತು. ಗಲ್ಫಿನಿಂದ ನಿಮ್ಮ ಮಾವ ಮಾಡಿದ ಕರೆಗೆ ಯಾವುದೋ ಊರಿನ ಮೊಬೈಲ್ ಸಂಖ್ಯೆ ಕಾಣಿಸಿಕೊಂಡದ್ದುಂಟೇ? ಅದು ಅಂತರ್ಜಾಲದಲ್ಲಿ ಬಂದ ಮಾತನ್ನು ಕಳ್ಳದಾರಿಯಿಂದ ಸಿಮ್‌ಗಳ ಮೂಲಕ ಇಲ್ಲಿನ ಜಾಲಕ್ಕೆ ದಾಟಿಸುವವರ ಕೆಲಸ, ಶಿಕ್ಷಾರ್ಹವಾದದ್ದು.

ಹೊಸ ವ್ಯವಸ್ಥೆಗೆ ದೋಷಗಳೂ ಇವೆ. ಹಳೆಯ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ವಿದ್ಯುತ್ತು ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಮಾತನಾಡುತ್ತಿತ್ತು. ಹೊಸದು ಹಾಗಲ್ಲ. 2003ರ ಒಂದು ಕ್ರಮದಂತೆ ಇದಕ್ಕೂ ಕೇಬಲ್ಲಿನಲ್ಲೇ ವಿದ್ಯುತ್ತು ಕೊಡಬಹುದಾದರೂ, ಆ ವಿದ್ಯುತ್ತು ಹೊರಡುವುದು ನಮ್ಮದೇ ಕಟ್ಟಡದಿಂದ. ಅಲ್ಲಿ ಬ್ಯಾಟರಿ ಬರಿದಾದರೆ ಇಡೀ ಆಸ್ಪತ್ರೆ ಮೂಕವಾಗುತ್ತದೆ. ನಮ್ಮ ಆಷಾಢದ ಗಾಳಿಮಳೆಯಲ್ಲಿ ಇದು ಸಣ್ಣ ಮಾತಲ್ಲ. ಕಳ್ಳರ ಕಾಟ ಇನ್ನೊಂದು. ಗುಪ್ತಪದ 1234 ಎಂದೋ ಸಂಖ್ಯೆಯನ್ನೇ ಎಂದೋ ಇಟ್ಟರೆ, ಎಲ್ಲಿಯೋ ಕುಳಿತವನು ‘ನಾನೇ 204’ ಎಂದು ಹಾಜರಿ ಹಾಕಿ ರಾತ್ರಿಯೆಲ್ಲ ವಿದೇಶದ ದುಬಾರಿ ಸಂಖ್ಯೆಗಳಿಗೆ ಕರೆ ಮಾಡುತ್ತಾನೆ. ಬಿಲ್ಲು ಬರುವುದು ಸಂಸ್ಥೆಗೆ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಬೇರೆಯೇ ಸಂಗತಿ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ವಸತಿಗೃಹದಲ್ಲಿ ತಾಯಿಯ ಮೇಲೆ ಹಲ್ಲೆ ನಡೆಯುತ್ತಿದ್ದಾಗ 9 ವರ್ಷದ ಮಗಳು, ಹಿರಿಯರು ಕಲಿಸಿಕೊಟ್ಟಂತೆ, ಕೋಣೆಯ ದೂರವಾಣಿಯಿಂದ ತುರ್ತುಸಂಖ್ಯೆ 911ನ್ನು ನಾಲ್ಕು ಸಲ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಸಂಪರ್ಕಕ್ಕೆ ಮೊದಲು ಇನ್ನೊಂದು 9 ಒತ್ತಬೇಕೆಂದು ಆ ಕಟ್ಟಡದ ಕೇಂದ್ರದಲ್ಲಿ ಬರೆದಿತ್ತು. ಮಗುವಿಗೆ ಅದು ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. ಆಕೆಯ ತಂದೆ ನಡೆಸಿದ ಹೋರಾಟದಿಂದ ಆಕೆಯ ಹೆಸರಿನಲ್ಲೇ 2018ರಲ್ಲಿ ‘ಕಾರೀಸ್ ಲಾ’ ಎಂಬ ಕಾಯ್ದೆ ಬಂತು. 2020ರ ಫೆಬ್ರವರಿಯಿಂದ ಅಲ್ಲಿ ಹಾಕುವ ಹೊಸ ಕೇಂದ್ರಗಳೆಲ್ಲವೂ ಮುಂದೆ ಯಾವ ಅಂಕೆಯೂ ಇಲ್ಲದೆ 911ನ್ನು ಜೋಡಿಸಬೇಕು. ಯಂತ್ರಕ್ಕೆ ಇದು ಒಂದು ಸಾಲಿನ ತಿದ್ದುಪಡಿ. ನಮ್ಮ ಹಳೆ ವಿದ್ಯಾರ್ಥಿ ಯಾವ ಸಂಸ್ಥೆಯ ಪಟ್ಟಿ ಬರೆದರೂ ಮೊದಲ ಸಾಲುಗಳಲ್ಲಿ 112 ಮತ್ತು 108ನ್ನು, ಸೊನ್ನೆ ಒತ್ತಿದರೂ ಒತ್ತದಿದ್ದರೂ ಹೋಗುವಂತೆ ಬರೆಯುತ್ತಾನಂತೆ. ಅದನ್ನು ತೆರೆದು ತೋರಿಸಿದ.

ಆಸ್ಪತ್ರೆಯವರು ಕನ್ನಡ ಸೇರಿಸಲು ಸಂತೋಷದಿಂದಲೇ ಒಪ್ಪಿದರು. ವಾಕ್ಯಗಳನ್ನು ನಾನು ಬರೆದುಕೊಟ್ಟೆ. ಮೊದಲು ‘ಒಂದನ್ನು ಒತ್ತಿ, ಕನ್ನಡಕ್ಕಾಗಿ’ ಎಂದು ಬರೆದಿದ್ದೆ. ಕೇಳುವವರು ತಮಗೆ ಬೇಕಾದದ್ದು ಬಂತೆಂದು ತಿಳಿಯುವ ಹೊತ್ತಿಗೆ ಅಂಕೆ ಮರೆತಿರುತ್ತಾರೆಂದು ಹಳೆ ವಿದ್ಯಾರ್ಥಿ ನನ್ನನ್ನೇ ತಿದ್ದಿದ. ‘ಕನ್ನಡದಲ್ಲಿ ಮಾತನಾಡಲು ಮೂರನ್ನು ಒತ್ತಿ’ ಎಂದಾಯಿತು. ‘ನೇತ್ರ ಚಿಕಿತ್ಸಾ ವಿಭಾಗ’ವನ್ನು ಹೊಡೆದು ‘ಕಣ್ಣಿನ ಡಾಕ್ಟರು’ ಎಂದು ನಾನೇ ತಿದ್ದಿಕೊಂಡೆ. ಧ್ವನಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯದು. ಶಾಲೆಯ ಗ್ರಂಥಾಲಯದ ಬಾಗಿಲು ಹಾಕಿ, ಪಂಖ ನಿಲ್ಲಿಸಿ, ಬೆವರುತ್ತ ಹನ್ನೊಂದು ವಾಕ್ಯಗಳನ್ನು ಮುದ್ರಿಸಿಕೊಂಡೆವು. ನಾನು ಒಂದೇ ಒಂದು ವಿಷಯದಲ್ಲಿ ಹಠ ಹಿಡಿದೆ: ಏನೂ ಒತ್ತದೆ ಹತ್ತು ಸೆಕೆಂಡು ಕಳೆದರೆ ಕರೆಯನ್ನು ಕಡಿಯಬಾರದು, ಎದುರಿನ ಮೇಜಿನಲ್ಲಿರುವ ಮನುಷ್ಯರಿಗೆ ಕೊಡಬೇಕು. ಅದಕ್ಕೆ ಆತ ಪಟ್ಟಿಯಲ್ಲಿ ‘ಕಡಿ’ ಎಂದಿದ್ದಲ್ಲಿ ‘100ಕ್ಕೆ ಕಳುಹಿಸು’ ಎಂದು ಬದಲಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ.

ತಿಂಗಳು ಕಳೆದು ಅಜ್ಜಿ ಸಿಕ್ಕಿದಾಗ ಫೋನು ಸರಿಯಾಯಿತೇ ಎಂದು ಕೇಳಿದೆ. “ಸರಿಯಾಯಿತು ಮಾಷ್ಟ್ರೇ. ಈಗ ಕನ್ನಡದ ಒಂದು ಹುಡುಗಿಯನ್ನು ಇಟ್ಟಿದ್ದಾರೆ. ಚೆಂದ ಮಾತಾಡುತ್ತದೆ. ಆದರೆ ನೀನು ಯಾರ ಮಗಳು ಅಂತ ಎರಡು ಸಲ ಕೇಳಿದೆ, ಹೇಳಲೇ ಇಲ್ಲ. ಅಷ್ಟರಲ್ಲಿ ಬೇರೆ ಒಬ್ಬಳು ಬಂದು, ಡಾಕ್ಟ್ರು ಗುರುವಾರ ಇರುತ್ತಾರೆ ಅಂದಳು” ಎಂದರು.